ಅಪ್ಪ-ಅಮ್ಮ ಅಮೆರಿಕಕ್ಕೆ: ವಿಸಿಟರ್ ವೀಸಾನೋ, ಗ್ರೀನ್ ಕಾರ್ಡೋ?

ಅಮೆರಿಕದ ಸಿಟಿಜನ್ ಆಗಿ ಪ್ರಮಾಣವಚನ ಮುಗಿಸಿ ಬಂದ ವಾರದಲ್ಲೇ ನಮ್ಮ ಕನ್ನಡದ ಗೆಳೆಯರು ಕೇಳುವ ಪ್ರಶ್ನೆ ಒಂದೇ. "ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿಬಿಡಲಾ?" ಗ್ರೀನ್ ಕಾರ್ಡ್ ಅಂದರೆ ಇಲ್ಲಿ ಕಾಯಂ ಆಗಿ ನೆಲೆಸಲು ಅನುಮತಿ. ನಾನೂ ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಅವರು ವರ್ಷಕ್ಕೆ ಎಷ್ಟು ತಿಂಗಳು ಇಲ್ಲಿರುತ್ತಾರೆ? ಎಷ್ಟು ತಿಂಗಳು ಇರಲಿ ಅಂತ ನಿಮಗೆ ಆಸೆ ಇದೆ ಅಂತಲ್ಲ, ನಿಜವಾಗಿ ಎಷ್ಟು ತಿಂಗಳು ಇರುತ್ತಾರೆ ಅಂತ.

ಬಹಳ ಜನರಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿ, ಮೂರು ವರ್ಷ ಒದ್ದಾಡಿ, ಕೊನೆಗೆ ನಾವೇ ಅದನ್ನು ವಾಪಸ್ ಕೊಟ್ಟೆವು. ಹಾಗಂತ ಗ್ರೀನ್ ಕಾರ್ಡ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ನನ್ನ ಗೆಳೆಯನ ತಾಯಿ ಅದೇ ಕಾರ್ಡ್ ಹಿಡಿದು ಹಾಯಾಗಿದ್ದಾರೆ.

ಮೊದಲು, ಯಾರಿಗೆ ಆಯ್ಕೆಯೇ ಇಲ್ಲ

ನೀವು ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಇದ್ದರೆ ಮುಂದಿನದನ್ನು ಸುಮ್ನೆ ತಿಳಿದುಕೊಳ್ಳಲು ಓದಿ. ಅದರ ಜೊತೆಗಿನ ಕುಟುಂಬದ ವೀಸಾ ಎಚ್-4 ಸಿಗುವುದು ಗಂಡ ಅಥವಾ ಹೆಂಡತಿಗೆ, 21 ದಾಟದ ಮಕ್ಕಳಿಗೆ ಮಾತ್ರ. ಅಪ್ಪ-ಅಮ್ಮನಿಗೆ ಇರುವುದು ಬಿ-2 ವಿಸಿಟರ್ ವೀಸಾ ಒಂದೇ. ನಿಮ್ಮ ಕೈಗೆ ಗ್ರೀನ್ ಕಾರ್ಡ್ ಬಂದರೂ ಇದು ಬದಲಾಗುವುದಿಲ್ಲ. ಗ್ರೀನ್ ಕಾರ್ಡ್ ಇರುವವರು ತಂದೆ-ತಾಯಿಗೆ ಅರ್ಜಿ ಹಾಕುವಂತಿಲ್ಲ. ಸಿಟಿಜನ್ ಆಗಿರಬೇಕು, 21 ವರ್ಷ ತುಂಬಿರಬೇಕು. ಭಾರತೀಯರ ಉದ್ಯೋಗದ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮಗೆ ಗೊತ್ತೇ ಇದೆ. ಆ ಸಾಲು ದಾಟಿ, ಆಮೇಲೆ ಐದು ವರ್ಷ ಕಳೆದು ಸಿಟಿಜನ್ ಆಗುವಷ್ಟರಲ್ಲಿ ಅಪ್ಪನಿಗೆ ಎಪ್ಪತ್ತೈದು ದಾಟಿರುತ್ತದೆ. ಬಹಳ ಮನೆಗಳ ಕಥೆ ಇದೇ.

ಸಿಟಿಜನ್ ಆದವರಿಗೆ ಮಾತ್ರ ಒಂದು ಅನುಕೂಲ ಇದೆ. ತಂದೆ-ತಾಯಿಯ ವೀಸಾಕ್ಕೆ ವಾರ್ಷಿಕ ಮಿತಿ ಇಲ್ಲ, ದೇಶವಾರು ಸಾಲೂ ಇಲ್ಲ. ಅರ್ಜಿಯ ಕೆಲಸ ಮುಗಿಯಲು ಎಷ್ಟು ಹಿಡಿಯುತ್ತದೋ ಅಷ್ಟೇ ಕಾಯಬೇಕು. ಸಾಮಾನ್ಯವಾಗಿ ಒಂದು ವರ್ಷದ ಮೇಲೆ. ಅಣ್ಣ-ತಮ್ಮ, ಅಕ್ಕ-ತಂಗಿಯರ ಕಥೆ ಬೇರೆ. 2025ರಲ್ಲಿ ಭಾರತೀಯರ ಪೈಕಿ 2006ರಲ್ಲಿ ಅರ್ಜಿ ಹಾಕಿದವರ ಸರದಿ ನಡೆಯುತ್ತಿತ್ತು. ತಮ್ಮನನ್ನು ಕರೆಸಿಕೊಳ್ಳುವ ಲೆಕ್ಕ ಹಾಕುವವರು ಅವನ ಮಕ್ಕಳ ಮದುವೆಯ ಲೆಕ್ಕವನ್ನೂ ಜೊತೆಗೇ ಹಾಕಿಕೊಳ್ಳಬೇಕು.

ಇನ್ನೊಂದು ವಿಷಯ ಜನ ತಡವಾಗಿ ತಿಳಿದುಕೊಳ್ಳುತ್ತಾರೆ. ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಆದರೆ ಮನೆಯಲ್ಲಿರುವ ಮದುವೆಯಾಗದ ತಂಗಿ ಅದೇ ಅರ್ಜಿಯಲ್ಲಿ ಜೊತೆಗೆ ಬರಲು ಆಗುವುದಿಲ್ಲ. ಅಪ್ಪನಿಗೊಂದು ಅರ್ಜಿ, ಅಮ್ಮನಿಗೊಂದು ಅರ್ಜಿ. ಅದರಲ್ಲಿ ಬೇರೆ ಯಾರಿಗೂ ಜಾಗ ಇಲ್ಲ.

ವಿಸಿಟರ್ ವೀಸಾ: ಆರು ತಿಂಗಳ ಬದುಕು

ಬಿ-2ಗೆ ಶುಲ್ಕ 185 ಡಾಲರ್. ಸಿಕ್ಕರೆ ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷದ್ದು ಸಿಗುತ್ತದೆ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು. ನಮ್ಮೂರಿನವರೆಲ್ಲ "ಇನ್ನು ಚೆನ್ನೈಗೆ ಹೋಗೋದು ತಪ್ಪಿತು" ಅಂತ ಖುಷಿಪಟ್ಟರು. ಆದರೆ ವೀಸಾ ಸಂದರ್ಶನ ಅಲ್ಲಿ ಆಗಲೇ ಶುರುವಾಗಲಿಲ್ಲ. ಅಮ್ಮ ಆ ವರ್ಷವೂ ಹಾಸನದಿಂದ ಹೈದರಾಬಾದಿಗೇ ಹೋಗಿ ಬಂದಳು.

ಸಂದರ್ಶನದಲ್ಲಿ ಅಧಿಕಾರಿ ನೋಡುವುದು ಒಂದೇ. ಇವರು ಊರಿಗೆ ವಾಪಸ್ ಬರುತ್ತಾರಾ? ಪಿಂಚಣಿ, ತೋಟ, ಮನೆ, ಊರಲ್ಲಿರುವ ಇನ್ನೊಬ್ಬ ಮಗ ಅಥವಾ ಮಗಳು, ಇವೆಲ್ಲ ಅದಕ್ಕೆ ಉತ್ತರ. ಎಷ್ಟೋ ಸಲ ಕಾಗದ ಮುಟ್ಟಿಯೂ ನೋಡುವುದಿಲ್ಲ, ಎರಡು ಮಾತು ಕೇಳಿ ಕಳಿಸುತ್ತಾರೆ. ಕನ್ನಡದಲ್ಲೇ ಉತ್ತರ ಕೊಡುತ್ತೇವೆ ಅಂದರೆ ಅದಕ್ಕೂ ವ್ಯವಸ್ಥೆ ಇರುತ್ತದೆಯಾ ಅಂತ ಅಪಾಯಿಂಟ್‌ಮೆಂಟ್ ಮಾಡುವಾಗಲೇ ನೋಡಿಕೊಳ್ಳಿ. ಇಂಗ್ಲಿಷ್ ಬಾಯಿಪಾಠ ಮಾಡಿಸಿ ಕಳಿಸಬೇಡಿ. ಬಾಯಿಪಾಠ ಮಾಡಿದ್ದು ಕೇಳಿದ ತಕ್ಷಣ ಗೊತ್ತಾಗುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ವೀಸಾ ಹತ್ತು ವರ್ಷ ಅಂದರೆ ಹತ್ತು ವರ್ಷ ಇರಬಹುದು ಅಂತಲ್ಲ. ಒಂದು ಸಲ ಬಂದಾಗ ಎಷ್ಟು ದಿನ ಇರಬಹುದು ಅಂತ ತೀರ್ಮಾನ ಮಾಡುವವರು ವಿಮಾನ ನಿಲ್ದಾಣದ ಅಧಿಕಾರಿ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆ ತಾರೀಖು ಐ-94 ಎಂಬ ದಾಖಲೆಯಲ್ಲಿರುತ್ತದೆ. ಅದು ಆನ್‌ಲೈನ್‌ನಲ್ಲೇ ಸಿಗುತ್ತದೆ. ಮನೆಗೆ ಬಂದ ಮಾರನೇ ದಿನವೇ ತೆಗೆದು ಪ್ರಿಂಟ್ ಹಾಕಿ ಫ್ರಿಜ್ ಮೇಲೆ ಅಂಟಿಸಿಬಿಡಿ. ಆ ತಾರೀಖು ದಾಟಿದರೆ ವೀಸಾ ರದ್ದಾದ ಹಾಗೆ. ಆ ತಾರೀಖಿನ ಮೇಲೆ 180 ದಿನ ದಾಟಿ ಹೋದರೆ ಮೂರು ವರ್ಷ, ಒಂದು ವರ್ಷ ದಾಟಿದರೆ ಹತ್ತು ವರ್ಷ ಮತ್ತೆ ಬರುವಂತಿಲ್ಲ. ಇನ್ನೂ ಇರಬೇಕು ಅಂದರೆ ಆ ತಾರೀಖಿಗೆ ಮುಂಚೆ ಐ-539 ಅರ್ಜಿ ಹಾಕಬೇಕು. ಆನ್‌ಲೈನ್‌ನಲ್ಲಿ 420 ಡಾಲರ್. ಹೆರಿಗೆ ಮುಂದಕ್ಕೆ ಹೋಯಿತು, ಕಾಲು ಮುರಿಯಿತು ಅಂಥ ಗಟ್ಟಿ ಕಾರಣ ಇದ್ದರೆ ಹಾಕಿ. "ಇನ್ನೊಂದೆರಡು ತಿಂಗಳು ಇರಲಿ ಅಮ್ಮ" ಅನ್ನುವುದಕ್ಕೆಲ್ಲ ಬೇಡ. ಮುಂದಿನ ಸಲ ಬಂದಾಗ ಕೌಂಟರಿನಲ್ಲಿ ಅದೇ ಪ್ರಶ್ನೆಯಾಗುತ್ತದೆ.

ಹೋಗಿ ಮತ್ತೆ ಎಷ್ಟು ದಿನಕ್ಕೆ ಬರಬಹುದು? ಇಷ್ಟೇ ದಿನ ಅಂತ ಕಾನೂನಿನಲ್ಲಿ ಬರೆದಿಲ್ಲ. ಆದರೆ ಊರಲ್ಲಿ ಕಳೆದ ದಿನ ಇಲ್ಲಿ ಕಳೆದ ದಿನಕ್ಕಿಂತ ಕಡಿಮೆಯಾದರೆ ಅಧಿಕಾರಿಯ ಹುಬ್ಬು ಮೇಲೇರುತ್ತದೆ. ನಾವು ಪಾಲಿಸಿದ್ದು ಸರಳ ಲೆಕ್ಕ. ಏಪ್ರಿಲ್‌ನಲ್ಲಿ ಬರುವುದು, ಸೆಪ್ಟೆಂಬರ್‌ನಲ್ಲಿ ಹೋಗುವುದು, ಮುಂದಿನ ವರ್ಷ ಬರದೇ ಇರುವುದು.

2012ರಲ್ಲಿ ಮೊದಲ ಸಲ ಬಂದಾಗಿನ ಕಥೆ ಕೇಳಿ. ಡಲ್ಲಾಸಿನಲ್ಲಿ ಅಪ್ಪ ಮುಂದೆ, ಅಮ್ಮ ಹಿಂದೆ. ಅಧಿಕಾರಿ "ಎಷ್ಟು ದಿನ?" ಅಂದ. ಅಪ್ಪ "ಫೈವ್ ಮಂತ್ಸ್, ರಿಟರ್ನ್ ಟಿಕೆಟ್ ಹಿಯರ್" ಅಂತ ಟಿಕೆಟ್ ತೋರಿಸಿದರು. ಬ್ಯಾಗಿನಲ್ಲಿ ಏನಿದೆ ಅಂದ. ಅಮ್ಮ ಒಂದೊಂದಾಗಿ ಹೇಳಲು ಶುರು ಮಾಡಿದಳು. ಚಟ್ನಿಪುಡಿ, ಹುಳಿಪುಡಿ, ಹುರಿಗಾಳು, ಕರಿಬೇವು. ಕರಿಬೇವಿನ ಸೊಪ್ಪು ಅಂದದ್ದೇ ತಡ, ಬ್ಯಾಗ್ ಬಿಚ್ಚಿಸಿದರು. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆ ಅಂತ ಇಲ್ಲಿಗೆ ಹಸಿ ಕರಿಬೇವು ತರುವಂತಿಲ್ಲ. ಬಟ್ಟೆಯಲ್ಲಿ ಸುತ್ತಿ ಸುಮಾರು ಹದಿನೈದು ಸಾವಿರ ಕಿಲೋಮೀಟರಿನಾಚೆಯಿಂದ ತಂದ ಸೊಪ್ಪು ಕಸದ ಬುಟ್ಟಿಗೆ ಹೋಯಿತು. ಅಮ್ಮ ಇವತ್ತಿಗೂ ಅದನ್ನು ಮರೆತಿಲ್ಲ. ಪುಡಿಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಇನ್ನೊಂದು ಎಚ್ಚರ. "ಮೊಮ್ಮಗು ನೋಡಿಕೊಳ್ಳೋಕೆ ಬಂದಿದ್ದೀನಿ" ಎಂಬ ಮಾತು. ಮಗಳ ಬಾಣಂತನಕ್ಕೆ ಬಂದು ಜೊತೆಗಿರುವುದು ತಪ್ಪಲ್ಲ. ಆದರೆ ಡೇ-ಕೇರ್ ಬದಲು ಅಜ್ಜಿಯನ್ನೇ ಇಟ್ಟುಕೊಂಡಿದ್ದಾರೆ ಅಂತ ಅಧಿಕಾರಿಗೆ ಅನ್ನಿಸಿದರೆ ಅದನ್ನು ಕೆಲಸ ಅಂತ ಎಣಿಸುವ ಸಾಧ್ಯತೆ ಇದೆ. ಸುಳ್ಳು ಹೇಳಿಸುವುದು ಬೇಡ. ಆದರೆ ಇಬ್ಬರೂ ಆಫೀಸಿಗೆ ಹೋಗಿ ಅಮ್ಮನ ತಲೆ ಮೇಲೆ ಮಗು ಹಾಕುವ ಯೋಜನೆ ಇದ್ದರೆ ಆ ಯೋಜನೆಯೇ ಬೇಡ. ವೀಸಾ ಕಾರಣ ಬಿಡಿ, ಅರವತ್ತೆಂಟು ವಯಸ್ಸಿನ ಮಂಡಿಗೂ ಅದು ಒಳ್ಳೆಯದಲ್ಲ.

ಆಸ್ಪತ್ರೆ ಬಿಲ್ಲು: ನಿಜವಾದ ಹೋಲಿಕೆ ಇಲ್ಲಿದೆ

ವೀಸಾ ಶುಲ್ಕ, ವಕೀಲರ ಶುಲ್ಕ ಎಲ್ಲ ಒಂದು ಸಲದ ಖರ್ಚು. ಆರೋಗ್ಯದ ಖರ್ಚು ಹಾಗಲ್ಲ. ಎರಡು ದಾರಿಗಳನ್ನು ತೂಗಬೇಕಾದ ತಕ್ಕಡಿ ಇದೇ ಅಂತ ನನ್ನ ಅಭಿಪ್ರಾಯ.

ವಿಸಿಟರ್ ಆಗಿ ಬಂದವರಿಗೆ ವಿಸಿಟರ್ ಇನ್ಶೂರೆನ್ಸ್ ತೆಗೆದುಕೊಳ್ಳುತ್ತೇವೆ. ಅದರಲ್ಲಿ ಎರಡು ಜಾತಿ. ಒಂದು ಫಿಕ್ಸೆಡ್. ಡಾಕ್ಟರ್ ಭೇಟಿಗೆ ಇಷ್ಟು, ಆಸ್ಪತ್ರೆಯ ಒಂದು ದಿನಕ್ಕೆ ಇಷ್ಟು ಅಂತ ಪಟ್ಟಿ ಇರುತ್ತದೆ. ಬಿಲ್ ಎಷ್ಟೇ ಬರಲಿ, ಅವರು ಕೊಡುವುದು ಪಟ್ಟಿಯಲ್ಲಿದ್ದಷ್ಟೇ. ಇನ್ನೊಂದು ಕಾಂಪ್ರಹೆನ್ಸಿವ್. ಮೊದಲು ಡಿಡಕ್ಟಿಬಲ್ ಎಂಬ ಒಂದಿಷ್ಟು ಮೊತ್ತ ನೀವು ಕಟ್ಟಬೇಕು, ಆಮೇಲಿನ ಬಿಲ್‌ನ ದೊಡ್ಡ ಪಾಲು ಅವರದು, ಪಾಲಿಸಿಯ ಮಿತಿ ಮುಟ್ಟುವವರೆಗೆ. ಫಿಕ್ಸೆಡ್ ಅಗ್ಗ. ಅಗ್ಗ ಅಂತಲೇ ನಾನು 2014ರಲ್ಲಿ ಅದನ್ನು ತೆಗೆದುಕೊಂಡೆ.

ಆ ಜೂನ್‌ನಲ್ಲಿ ಒಂದು ರಾತ್ರಿ ಅಪ್ಪನಿಗೆ ಎದೆನೋವು. ಎಮರ್ಜೆನ್ಸಿಗೆ ಓಡಿದೆವು. ಇಸಿಜಿ, ರಕ್ತಪರೀಕ್ಷೆ, ಸ್ಕ್ಯಾನ್, ಒಂದು ರಾತ್ರಿ ಇರಿಸಿಕೊಂಡರು. ಗ್ಯಾಸ್ಟ್ರಿಕ್ ಅಂತ ಬೆಳಿಗ್ಗೆ ಮನೆಗೆ ಕಳಿಸಿದರು. ಮೂರು ವಾರಕ್ಕೆ ಬಿಲ್ ಬಂತು, ಹನ್ನೊಂದು ಸಾವಿರ ಡಾಲರ್ ಚಿಲ್ಲರೆ. ಇನ್ಶೂರೆನ್ಸಿನವರು ಕೊಟ್ಟಿದ್ದು ಸಾವಿರವೂ ದಾಟಲಿಲ್ಲ. ಮೊದಲು "ಇವರಿಗೆ ಹಿಂದೆಯೇ ಬಿಪಿ ಇತ್ತಲ್ಲ" ಅಂತ ಅದನ್ನೂ ಕೊಡಲು ಹಿಂದೆಮುಂದೆ ನೋಡಿದರು. ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ನಾನು ಎಂಟು ಸಲ ಫೋನ್ ಮಾಡಿ, ಕೈಯಿಂದ ಕಟ್ಟುವವರಿಗೆ ಕೊಡುವ ರಿಯಾಯಿತಿ ಕೇಳಿ, ಕಂತು ಮಾಡಿಸಿಕೊಂಡೆ. ಅಪ್ಪನಿಗೆ ನಿಜವಾದ ಮೊತ್ತ ಕೊನೆಯವರೆಗೂ ಹೇಳಲಿಲ್ಲ. "ಹಾಸನದಲ್ಲಾಗಿದ್ರೆ ಎಷ್ಟಾಗ್ತಿತ್ತು?" ಅಂತ ಅವರು ಕೇಳುತ್ತಲೇ ಇದ್ದರು.

ಹಾಗಾಗಿ ವಿಸಿಟರ್ ದಾರಿ ಹಿಡಿದರೆ ಕಾಂಪ್ರಹೆನ್ಸಿವ್ ತೆಗೆದುಕೊಳ್ಳಿ. ಬಿಪಿ, ಶುಗರ್ ಇದ್ದರೆ, ಹಳೆಯ ಕಾಯಿಲೆ ಇದ್ದಕ್ಕಿದ್ದಂತೆ ಉಲ್ಬಣಿಸಿದಾಗ ಕೊಡುತ್ತಾರಾ, ಯಾವ ವಯಸ್ಸಿನವರೆಗೆ ಕೊಡುತ್ತಾರೆ ಅಂತ ಆ ಸಾಲನ್ನು ಹುಡುಕಿ ಓದಿ. ಎಪ್ಪತ್ತು, ಎಂಬತ್ತು ದಾಟಿದಂತೆ ಮಿತಿ ತಗ್ಗುತ್ತಾ ಹೋಗುತ್ತದೆ. ಹಲ್ಲು, ಕಣ್ಣಿನ ಪೊರೆ, ಮಂಡಿ ನೋವು ಇವನ್ನೆಲ್ಲ ಊರಲ್ಲೇ ಮುಗಿಸಿಕೊಂಡು ಬರಲಿ. ಆರು ತಿಂಗಳ ಮಾತ್ರೆ, ಡಾಕ್ಟರ್ ಚೀಟಿ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ.

ಗ್ರೀನ್ ಕಾರ್ಡ್ ಇದ್ದರೆ ಏನಾಗುತ್ತದೆ? ನಿಮ್ಮ ಕಂಪನಿಯ ಇನ್ಶೂರೆನ್ಸಿಗೆ ಅಪ್ಪ-ಅಮ್ಮನನ್ನು ಸೇರಿಸಲು ಬಹುತೇಕ ಕಡೆ ಬಿಡುವುದಿಲ್ಲ. ಊರಿನ ಕಂಪನಿಗಳಲ್ಲಿ ಸೇರಿಸುತ್ತಾರಲ್ಲ ಅಂತ ಇಲ್ಲಿ ಕೇಳಿದರೆ ಎಚ್‌ಆರ್‌ನವರು ಕಣ್ಣು ಬಿಟ್ಟು ನೋಡುತ್ತಾರೆ. ಆದರೆ ಮಾರ್ಕೆಟ್‌ಪ್ಲೇಸ್ ಪಾಲಿಸಿ, ಅಂದರೆ ಸರ್ಕಾರದ ವಿಮಾ ತಾಣದಲ್ಲಿ ಖಾಸಗಿ ಕಂಪನಿಗಳು ಮಾರುವ ವಿಮೆ, ಸಿಗುತ್ತದೆ. ಬಂದ 60 ದಿನದೊಳಗೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ತನಕ ಕಾಯಬೇಕು. ಇದರ ದೊಡ್ಡ ಲಾಭ ಅಂದರೆ ಹಳೆಯ ಕಾಯಿಲೆ ಇದೆ ಅಂತ ಪಾಲಿಸಿ ನಿರಾಕರಿಸುವಂತಿಲ್ಲ. ಅಪ್ಪನ ಎದೆನೋವಿಗೆ ಇಂಥ ಪಾಲಿಸಿ ಇದ್ದಿದ್ದರೆ ನನ್ನ ಆ ಎಂಟು ಫೋನು ಉಳಿಯುತ್ತಿತ್ತು. ಬೆಲೆ ಮಾತ್ರ ಮುಖ ಹಿಂಡಿಸುತ್ತದೆ. ಅಮ್ಮನಿಗೆ ನಾನು ತಿಂಗಳಿಗೆ ಸಾವಿರ ಡಾಲರ್‌ಗೂ ಸ್ವಲ್ಪ ಮೇಲೆ ಕಟ್ಟುತ್ತಿದ್ದೆ. ಅವರನ್ನು ನಿಮ್ಮ ಟ್ಯಾಕ್ಸಿನಲ್ಲಿ ಡಿಪೆಂಡೆಂಟ್ ಅಂತ ತೋರಿಸಿದರೆ ನಿಮ್ಮ ಆದಾಯವೇ ಲೆಕ್ಕಕ್ಕೆ ಬರುತ್ತದೆ. ಆಗ ಸಬ್ಸಿಡಿ ಸಿಗುವುದು ಕಷ್ಟ.

65 ದಾಟಿದವರಿಗೆ ಸರ್ಕಾರದ ವಿಮೆ ಮೆಡಿಕೇರ್ ಇದೆಯಲ್ಲ ಅಂತ ಕೇಳುತ್ತಾರೆ. ಗ್ರೀನ್ ಕಾರ್ಡ್ ಹಿಡಿದು ಐದು ವರ್ಷ ಸತತವಾಗಿ ಇಲ್ಲೇ ವಾಸ ಇದ್ದ ಮೇಲೆ ಅದನ್ನು ಕೊಂಡುಕೊಳ್ಳಬಹುದು. ಕೊಂಡುಕೊಳ್ಳಬಹುದು ಅಂದೆ, ಬಿಟ್ಟಿ ಅಲ್ಲ. ಇಲ್ಲಿ ಕೆಲಸ ಮಾಡಿರದವರಿಗೆ 2025ರಲ್ಲಿ ಆಸ್ಪತ್ರೆ ಭಾಗಕ್ಕೆ ತಿಂಗಳಿಗೆ 518 ಡಾಲರ್, ಡಾಕ್ಟರ್ ಭಾಗಕ್ಕೆ 185 ಡಾಲರ್. ಒಬ್ಬರಿಗೆ.

ಗ್ರೀನ್ ಕಾರ್ಡ್: ಕಾಗದದ ಕಾಡು

ಮೊದಲು ನೀವು ಅವರ ಪರವಾಗಿ ಹಾಕುವ ಐ-130 ಅರ್ಜಿ, ಒಬ್ಬರಿಗೆ ಆನ್‌ಲೈನ್‌ನಲ್ಲಿ 625 ಡಾಲರ್. ಆಮೇಲೆ ವೀಸಾ ಶುಲ್ಕ, ಆರ್ಥಿಕ ಹೊಣೆಪತ್ರದ ಶುಲ್ಕ, ಕಾರ್ಡಿನ ಶುಲ್ಕ ಎಲ್ಲ ಸೇರಿ ಹತ್ತಿರ ಹತ್ತಿರ 1,300 ಆಗುತ್ತದೆ. ಮೆಡಿಕಲ್ ಬೇರೆ. ಸಂದರ್ಶನ ಸಾಮಾನ್ಯವಾಗಿ ಮುಂಬೈಯಲ್ಲಿ. ಹೊಣೆಪತ್ರ ಅಂದರೆ ಐ-864. ಬಡತನದ ರೇಖೆಯ 125 ಪ್ರತಿಶತದಷ್ಟು ಆದಾಯ ನಿಮಗಿರಬೇಕು. ನೀವು ನಾಲ್ಕು ಜನ, ಅಪ್ಪ-ಅಮ್ಮ ಸೇರಿ ಆರು ಅಂದರೆ 2025ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 54 ಸಾವಿರ ಡಾಲರ್. ನಮ್ಮ ಕಡೆಯ ಸಾಫ್ಟ್‌ವೇರ್ ಜನಕ್ಕೆ ಇದು ತೊಂದರೆ ಕೊಡುವ ಮೊತ್ತವಲ್ಲ. ಆದರೆ ಸಹಿ ಹಾಕುವಾಗ ಅದು ಎಷ್ಟು ಕಾಲದ ಹೊಣೆ ಅಂತ ಓದಿ ಹಾಕಿ. ಅವರು ಸಿಟಿಜನ್ ಆಗುವವರೆಗೆ, ಅಥವಾ ಸುಮಾರು ಹತ್ತು ವರ್ಷದಷ್ಟು ಕೆಲಸದ ಲೆಕ್ಕ ತುಂಬುವವರೆಗೆ, ಅಥವಾ ಕಾರ್ಡ್ ಬಿಟ್ಟು ದೇಶ ತೊರೆಯುವವರೆಗೆ, ಇಲ್ಲವೇ ಕಾಲವಾಗುವವರೆಗೆ ಅದು ನಿಮ್ಮ ಮೇಲಿರುತ್ತದೆ.

ಹಣಕ್ಕಿಂತ ಜಾಸ್ತಿ ಕಾಡುವುದು ಹೆಸರು. ನೀವು ಇವರ ಮಗ ಅಂತ ತೋರಿಸಲು ನಿಮ್ಮ ಜನನ ಪ್ರಮಾಣಪತ್ರ ಬೇಕು. ಅಪ್ಪನಿಗಾದರೆ ಅದರ ಜೊತೆ ಅಪ್ಪ-ಅಮ್ಮನ ಮದುವೆಯ ದಾಖಲೆಯೂ ಬೇಕು. ಎಪ್ಪತ್ತರ ದಶಕದಲ್ಲಿ ಹಾಸನದ ಹಳ್ಳಿಯಲ್ಲಿ ಚಪ್ಪರ ಹಾಕಿ ಆದ ಮದುವೆಯನ್ನು ಯಾರು ರಿಜಿಸ್ಟರ್ ಮಾಡಿಸಿದ್ದರು? ಲಗ್ನಪತ್ರಿಕೆಯೂ ಇಲ್ಲ, ಇರುವುದು ಗೆದ್ದಲು ಹಿಡಿದ ಒಂದು ಕಪ್ಪು-ಬಿಳುಪು ಫೋಟೋ.

ನನ್ನ ಪತ್ರವನ್ನೇ ನೋಡಿ. ಪುರಸಭೆಯ ಪುಸ್ತಕದಲ್ಲಿ ನನ್ನ ಹೆಸರೇ ಇರಲಿಲ್ಲ, 'ಗಂಡು' ಅಂತಷ್ಟೇ ಇತ್ತು. ಆಗೆಲ್ಲ ನಾಮಕರಣಕ್ಕೆ ಮುಂಚೆಯೇ ಆಸ್ಪತ್ರೆಯಿಂದ ವರದಿ ಹೋಗಿಬಿಡುತ್ತಿತ್ತು. ಅಮ್ಮನ ಹೆಸರಿನ ಮುಂದೆ 'ಕೋಂ', ಅಂದರೆ ಇಂಥವರ ಹೆಂಡತಿ, ಅಂತ ಅಪ್ಪನ ಹೆಸರು. ಆ 'ಕೋಂ' ಅನ್ನು ಇಂಗ್ಲಿಷಿಗೆ ಅನುವಾದ ಮಾಡಿದವನು ಅದನ್ನು ಹೆಸರಿನ ಭಾಗ ಅಂದುಕೊಂಡು ಹಾಗೇ ಬರೆದುಬಿಟ್ಟ. ಪಾಸ್‌ಪೋರ್ಟಿನಲ್ಲಿ ಲಕ್ಷ್ಮಿ, ಪಹಣಿಯಲ್ಲಿ ಲಕ್ಷ್ಮಮ್ಮ, ಬ್ಯಾಂಕಿನಲ್ಲಿ ಲಕ್ಷ್ಮೀದೇವಿ, ಇಂಥ ಮನೆ ನಮ್ಮಲ್ಲಿ ಎಷ್ಟಿಲ್ಲ? ಇನಿಷಿಯಲ್ ವಿಷಯ ಬೇರೆಯೇ ರಾಮಾಯಣ. ನಮ್ಮ ಇನಿಷಿಯಲ್‌ನಲ್ಲಿ ಮೊದಲ ಅಕ್ಷರ ಊರು, ಎರಡನೆಯದು ಅಪ್ಪ. ಪಾಸ್‌ಪೋರ್ಟಿನವರು ಅದನ್ನು ಬಿಡಿಸಿ ಬರೆದಾಗ ಊರೇ ಕುಲನಾಮವಾಗಿ, ಅಣ್ಣನಿಗೊಂದು ಸರ್‌ನೇಮ್, ನನಗೊಂದು ಸರ್‌ನೇಮ್ ಆಯಿತು.

ದಾರಿ ಇದೆ, ಸಮಯ ಬೇಕು. ಜನನ ಪತ್ರದಲ್ಲಿ ಹೆಸರು ಸೇರಿಸಲು ಸ್ಥಳೀಯ ನೋಂದಣಾಧಿಕಾರಿಯ ಬಳಿ ಅರ್ಜಿ. ಈಗ ಇ-ಜನ್ಮದಲ್ಲಿ ಡಿಜಿಟಲ್ ಪ್ರತಿ ಸಿಗುತ್ತದೆ. ದಾಖಲೆಯೇ ಇಲ್ಲದಿದ್ದರೆ 'ದಾಖಲೆ ಲಭ್ಯವಿಲ್ಲ' ಎಂಬ ಪತ್ರ ತೆಗೆದುಕೊಳ್ಳಿ. ಅದರ ಜೊತೆ, ನಿಮ್ಮ ಹುಟ್ಟನ್ನು ಬಲ್ಲ ಇಬ್ಬರು ಹಿರಿಯರ ಅಫಿಡವಿಟ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಹಳೆಯ ಮದುವೆಯನ್ನು ಈಗಲೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬಹುದು. ನನ್ನ ಗೆಳೆಯನ ಅಪ್ಪ-ಅಮ್ಮ ಎಪ್ಪತ್ತನೇ ವಯಸ್ಸಿನಲ್ಲಿ ಮೂವರು ಸಾಕ್ಷಿಗಳ ಜೊತೆ ಹೋಗಿ ಸಹಿ ಹಾಕಿ ಬಂದರು. ದಾರಿಯಲ್ಲಿ ಹೋಟೆಲಿಗೆ ಹೋಗಿ ಜಹಾಂಗೀರ್ ತಿಂದರಂತೆ, ಎರಡನೇ ಮದುವೆ ಊಟ ಅಂತ. ಅಫಿಡವಿಟ್ ಕೊಡುವ ಹಿರಿಯರು ಇರುವಾಗಲೇ ಮಾಡಿಸಿಡಿ. ಈ ಮಾತನ್ನು ನಾನು ಸೋದರಮಾವ ತೀರಿಹೋದ ಮೇಲೆ ಕಲಿತೆ.

ಐ-130 ಹಾಕುವ ಮುಂಚೆ ಇದನ್ನು ಯೋಚಿಸಿ. ವಿಸಿಟರ್ ವೀಸಾ ಅರ್ಜಿಯಲ್ಲಿ "ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರಾ?" ಅಂತ ಒಂದು ಪ್ರಶ್ನೆ ಇದೆ. ಹೌದು ಅಂದ ಮೇಲೆ "ನಾನು ವಾಪಸ್ ಹೋಗ್ತೀನಿ" ಅನ್ನುವ ಮಾತು ಅಧಿಕಾರಿಗೆ ಸುಲಭವಾಗಿ ರುಚಿಸುವುದಿಲ್ಲ. ಎರಡು ದೋಣಿಯಲ್ಲಿ ಕಾಲಿಡಬೇಡಿ ಅನ್ನುವುದು ಇದಕ್ಕೇ. ಇನ್ನು ಕೆಲವರು ಹೇಳುವ ಅಡ್ಡದಾರಿ: "ವಿಸಿಟರ್ ಆಗಿ ಕರೆಸಿಕೋ, ಇಲ್ಲೇ ಗ್ರೀನ್ ಕಾರ್ಡಿನ ಅರ್ಜಿ ಐ-485 ಹಾಕು." ಕಾನೂನಿನಲ್ಲಿ ಸಿಟಿಜನ್‌ನ ತಂದೆ-ತಾಯಿಗೆ ಇಲ್ಲೇ ಅರ್ಜಿ ಹಾಕಲು ಅವಕಾಶ ಇದೆ. ಆದರೆ ಮೊದಲೇ ಹಾಗೆ ಯೋಜನೆ ಹಾಕಿ, ಪ್ರವಾಸಕ್ಕೆ ಅಂತ ಹೇಳಿ ಒಳಗೆ ಬಂದರೆ ಅದು ಸುಳ್ಳು ಹೇಳಿದ ಹಾಗಾಗುತ್ತದೆ. ಅದರ ಮೇಲೆ, ಅರ್ಜಿ ನಡೆಯುವಾಗ ಅನುಮತಿ ಇಲ್ಲದೆ ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ. ಊರಲ್ಲಿ ಯಾರಾದರೂ ತೀರಿಕೊಂಡರೂ ಹೋಗುವಂತಿಲ್ಲದ ಸ್ಥಿತಿಯಲ್ಲಿ ಎಪ್ಪತ್ತು ವರ್ಷದವರನ್ನು ಕೂರಿಸುವ ಮುಂಚೆ ವಕೀಲರ ಹತ್ತಿರ ಒಂದು ಗಂಟೆ ಕೂತು ಬನ್ನಿ.

ಕಾರ್ಡ್ ಬಂದ ಮೇಲಿನ ಲೆಕ್ಕ

ಗ್ರೀನ್ ಕಾರ್ಡ್ ಅಂದರೆ ಇಲ್ಲಿ ವಾಸ ಮಾಡುವವರ ಕಾರ್ಡ್. ಬಂದು ಹೋಗಲು ಅನುಕೂಲ ಅಂತ ಮಾಡಿಸಿಕೊಳ್ಳುವ ಪಾಸ್ ಅಲ್ಲ. ನಾನು ಮಾಡಿದ ತಪ್ಪು ಇದೇ. ಒಂದು ವರ್ಷ ದಾಟಿ ಹೊರಗಿದ್ದರೆ ಕಾರ್ಡ್ ತೋರಿಸಿ ಒಳಗೆ ಬರಲಾಗುವುದಿಲ್ಲ. ಇಲ್ಲಿರುವಾಗಲೇ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಿದರೆ ಎರಡು ವರ್ಷದವರೆಗೆ ಬಚಾವು. ಆದರೆ ವರ್ಷಕ್ಕೊಮ್ಮೆ ಬಂದು ಎರಡು ತಿಂಗಳಿದ್ದು ಹೋದರೂ ಅಧಿಕಾರಿ ಕೇಳಬಹುದು, ನೀವು ನಿಜವಾಗಿ ಇರುವುದೆಲ್ಲಿ ಅಂತ. ಅಲ್ಲಿ ಒತ್ತಡಕ್ಕೆ, ಕಾರ್ಡ್ ಬಿಟ್ಟುಕೊಡುವ ಫಾರ್ಮು ಐ-407ಗೆ ಸಹಿ ಹಾಕಬೇಕಿಲ್ಲ. ನ್ಯಾಯಾಧೀಶರ ಮುಂದೆ ಹೋಗುತ್ತೇನೆ ಅನ್ನುವ ಹಕ್ಕು ಇದೆ. ಇದನ್ನು ಅಮ್ಮನಿಗೆ ಕನ್ನಡದಲ್ಲಿ ಚೀಟಿ ಬರೆದುಕೊಟ್ಟಿದ್ದೆ.

ತೆರಿಗೆಯ ಕಡೆ ಯಾರೂ ನೋಡುವುದೇ ಇಲ್ಲ. ಕಾರ್ಡ್ ಬಂದ ದಿನದಿಂದ ಊರಿನ ಬಾಡಿಗೆ, ಎಫ್‌ಡಿ ಬಡ್ಡಿ, ಪಿಂಚಣಿ ಎಲ್ಲ ಅಮೆರಿಕದ ರಿಟರ್ನ್ ಬರೆಯುವಾಗ ಲೆಕ್ಕಕ್ಕೆ ಬರುತ್ತದೆ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗುತ್ತದೆ, ಹೆದರಬೇಕಿಲ್ಲ. ಆದರೆ ಊರಿನ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನವಾದರೂ ಒಟ್ಟು 10,000 ಡಾಲರ್ ದಾಟಿದರೆ, ಹೊರದೇಶದ ಖಾತೆಗಳ ವಿವರ ಕೊಡುವ ಎಫ್‌ಬಾರ್ ತುಂಬಬೇಕು. ಮ್ಯೂಚುವಲ್ ಫಂಡ್ ಇದ್ದರೆ ಅದಕ್ಕೆ ಬೇರೆ ಫಾರ್ಮು, ತೆರಿಗೆಯೂ ಕಠಿಣ. ಭಾರತದ ಕಡೆ ನೋಡಿದರೆ, ಇಲ್ಲೇ ನೆಲೆಸಿದ ಮೇಲೆ ಅವರು ಎನ್‌ಆರ್‌ಐ ಆಗುತ್ತಾರೆ. ಸೇವಿಂಗ್ಸ್ ಖಾತೆ ಅನಿವಾಸಿಗಳಿಗಿರುವ ಎನ್‌ಆರ್‌ಒ ಆಗಬೇಕು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ಹೊಸದಾಗಿ ತೆರೆಯುವಂತಿಲ್ಲ. ಇರುವ ಗದ್ದೆ, ತೋಟ ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳುವಂತಿಲ್ಲ. ಪಕ್ಕದ ಹೊಲ ಮಾರಾಟಕ್ಕೆ ಬಂದಾಗ ಅಮ್ಮ ನನ್ನ ಮೇಲೆ ಸಿಟ್ಟಾದದ್ದು ಇದಕ್ಕೇ.

ಹಗಲು ಹನ್ನೆರಡು ಗಂಟೆಗೆ

ಕಾಗದದಲ್ಲಿ ಬರದ ಹೋಲಿಕೆ ಒಂದಿದೆ. ಮಧ್ಯಾಹ್ನ ಹನ್ನೆರಡಕ್ಕೆ, ನೀವು ಆಫೀಸಿನಲ್ಲಿ, ಮಕ್ಕಳು ಸ್ಕೂಲಿನಲ್ಲಿ ಇರುವಾಗ ಅವರು ಏನು ಮಾಡುತ್ತಿರುತ್ತಾರೆ?

ಡಲ್ಲಾಸ್ ಹೊರವಲಯದ ನಮ್ಮ ಬೀದಿಯಲ್ಲಿ ಬಸ್ಸಿಲ್ಲ. ಅಂಗಡಿಗೆ ನಡೆದರೆ ನಲವತ್ತು ನಿಮಿಷ, ಜುಲೈನಲ್ಲಿ ನಲವತ್ತು ಡಿಗ್ರಿ ಬಿಸಿಲು. ಅಮ್ಮ ಹಿತ್ತಲಲ್ಲಿ ಬಸಳೆ, ಹೀರೆ ಬೆಳೆದಳು. ಬೇಲಿಯಾಚೆಯ ಮೆಕ್ಸಿಕನ್ ಅಜ್ಜಿಗೆ ಹೀರೇಕಾಯಿ ಕೊಟ್ಟು ಅವರಿಂದ ಮೆಣಸಿನಕಾಯಿ ತಗೊಂಡಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆ ಎರಡು ತಿಂಗಳು ಚೆನ್ನಾಗಿತ್ತು. ನವೆಂಬರ್ ಬಂದರೆ ಐದೂವರೆಗೆ ಕತ್ತಲೆ. "ಇಲ್ಲಿ ಬಾಗಿಲು ಯಾರೂ ತಟ್ಟೋದಿಲ್ಲ ಅಲ್ವಾ" ಅಂದಳು ಒಂದು ದಿನ, ದೂರಿನ ಹಾಗೇನಲ್ಲ, ಸುಮ್ನೆ.

ಗೆಳೆಯನ ತಾಯಿ ಇರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಓಕ್ ಟ್ರೀ ರಸ್ತೆಗೆ ನಡೆದೇ ಹೋಗುತ್ತಾರೆ. ಅಲ್ಲಿ ತರಕಾರಿ, ಬಟ್ಟೆ, ಚಿನ್ನ, ದೋಸೆ ಎಲ್ಲ ನಮ್ಮದೇ. ಅವರ ವಯಸ್ಸಿನ ಹೆಂಗಸರ ಗುಂಪು ಇದೆ, ಬೆಳಿಗ್ಗೆ ಪಾರ್ಕು, ಶನಿವಾರ ದೇವಸ್ಥಾನ. ಅವರ ಗಂಡ ತೀರಿಕೊಂಡು ಹದಿನೈದು ವರ್ಷ, ಊರಲ್ಲಿ ಮನೆ ಇಲ್ಲ, ಒಬ್ಬನೇ ಮಗ. ಅವರಿಗೆ ಗ್ರೀನ್ ಕಾರ್ಡ್ ಮಾಡಿಸಿದ್ದು ನೂರಕ್ಕೆ ನೂರು ಸರಿ. ಸಿಟಿಜನ್ ಆಗುವ ಯೋಚನೆ ಮಾತ್ರ ಅವರು ಬಿಟ್ಟಿದ್ದಾರೆ. ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಬೇಕಾದರೆ 55 ದಾಟಿದವರು 15 ವರ್ಷ ಗ್ರೀನ್ ಕಾರ್ಡ್ ಮೇಲೆ ಇದ್ದಿರಬೇಕು. ವೈದ್ಯಕೀಯ ಕಾರಣ ಇದ್ದರೆ ಮಾತ್ರ ಬೇರೆ ದಾರಿ.

ಹಾಗಾಗಿ ನನ್ನ ಲೆಕ್ಕ ಹೀಗೆ. ವರ್ಷಕ್ಕೆ ಐದಾರು ತಿಂಗಳು, ಅದೂ ವರ್ಷ ಬಿಟ್ಟು ವರ್ಷ ಬರುವವರಿಗೆ ಬಿ-2. ವರ್ಷಕ್ಕೆ ಎಂಟು-ಒಂಬತ್ತು ತಿಂಗಳು ಇಲ್ಲೇ ಇರುತ್ತೇವೆ ಅಂತ ಅವರೇ ಬಾಯಿಬಿಟ್ಟು ಹೇಳುವವರಿಗೆ, ಊರಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದವರಿಗೆ ಗ್ರೀನ್ ಕಾರ್ಡ್. ಇಬ್ಬರೂ ಗಟ್ಟಿಮುಟ್ಟಾಗಿದ್ದು, ಊರಲ್ಲಿ ಬಳಗ ಇದ್ದರೆ ಆತುರ ಬೇಡ. ಒಬ್ಬರೇ ಉಳಿದ ಮೇಲೂ ಅರ್ಜಿ ಹಾಕಬಹುದು, ಸಾಲಿಲ್ಲ ಅಂದೆನಲ್ಲ. ಕಾಗದಗಳನ್ನು ಮಾತ್ರ ಇವತ್ತೇ ಸರಿಮಾಡಿಡಿ.

ಕೆನಡಾ, ಆಸ್ಟ್ರೇಲಿಯಾದವರಿಗೆ ಎರಡು ಮಾತು

ಇಲ್ಲಿನ ಸಾಲಿನಲ್ಲಿ ಕಾದು ಬೇಸತ್ತು ಟೊರೊಂಟೊಗೆ ಹೋದ ಗೆಳೆಯರಿದ್ದಾರೆ. ಅಪ್ಪ-ಅಮ್ಮನಿಗೆ ಅಂತಲೇ ಇರುವ ಅಲ್ಲಿನ ಸೂಪರ್ ವೀಸಾ ನೋಡಿದರೆ ನನಗೆ ಹೊಟ್ಟೆಕಿಚ್ಚು. 2022ರ ಜುಲೈನಿಂದ ಒಂದು ಸಲ ಬಂದರೆ ಐದು ವರ್ಷ ಇರಬಹುದು. ಗ್ರೀನ್ ಕಾರ್ಡ್‌ಗೆ ಸಮನಾದ ಪಿಆರ್ ಇರುವವರೂ ಕರೆಸಿಕೊಳ್ಳಬಹುದು, ಸಿಟಿಜನ್ ಆಗಬೇಕಿಲ್ಲ. ಆದಾಯ ತೋರಿಸಬೇಕು, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಇರಬೇಕು. ಅಲ್ಲಿ ಅಪ್ಪ-ಅಮ್ಮನಿಗೆ ಪಿಆರ್ ಕೊಡಿಸುವ ದಾರಿಯೂ ಇದೆ, ಆದರೆ ಅದು ಲಾಟರಿ. 2025ರಲ್ಲಿ ಕೂಡ 2020ರಲ್ಲಿ ಹೆಸರು ಕೊಟ್ಟವರನ್ನೇ ಕರೆದರು. ಅದನ್ನು ನಂಬಿ ಕೂರುವ ಬದಲು ಸೂಪರ್ ವೀಸಾ ತಗೊಳ್ಳಿ.

ಆಸ್ಟ್ರೇಲಿಯಾದಲ್ಲಿ ಅಪ್ಪ-ಅಮ್ಮನಿಗೆ ಹಣ ಕಟ್ಟಿ ಪಡೆಯುವ 143 ಎಂಬ ಕಾಯಂ ವೀಸಾಕ್ಕೆ ಒಬ್ಬರಿಗೆ 40 ಸಾವಿರ ಆಸ್ಟ್ರೇಲಿಯನ್ ಡಾಲರ್‌ಗೂ ಜಾಸ್ತಿ. ಅಷ್ಟು ಕಟ್ಟುವವರಿಗೂ ಸರದಿ ಬರಲು ಹತ್ತು ವರ್ಷದ ಮೇಲೆ. 870 ಎಂಬ ತಾತ್ಕಾಲಿಕ ವೀಸಾ ಮೂರು ಅಥವಾ ಐದು ವರ್ಷದ್ದು, ಒಟ್ಟು ಹತ್ತು ವರ್ಷದವರೆಗೆ ಸಿಗುತ್ತದೆ. ಎಪ್ಪತ್ತು ದಾಟಿದವರಿಗೆ ಈ 870 ವೀಸಾನೇ ಸರಿ.

ನಮ್ಮ ಕಥೆ ಹೇಳಿ ಮುಗಿಸುತ್ತೇನೆ. 2019ರಲ್ಲಿ ಅಪ್ಪ ಹೋದರು. 2022ರಲ್ಲಿ ಅಮ್ಮನ ಕಾರ್ಡ್ ಬಂತು. ಮೊದಲ ವರ್ಷ ಏಳು ತಿಂಗಳಿದ್ದಳು, ಎರಡನೇ ವರ್ಷ ನಾಲ್ಕು, ಮೂರನೇ ವರ್ಷ ಅಡಿಕೆ ಕೊಯ್ಲು ಅಂತ ಎರಡೂವರೆ. ನಾನು ಪ್ರತಿ ತಿಂಗಳು ಇನ್ಶೂರೆನ್ಸ್ ಕಟ್ಟುತ್ತಲೇ ಇದ್ದೆ, ಅವಳು ಹಾಸನದಲ್ಲಿ ಇರುವಾಗಲೂ. 2025ರಲ್ಲಿ ಐ-407 ತುಂಬಿ ಕಾರ್ಡಿನ ಜೊತೆ ಕಳಿಸಿದೆವು. ಆಮೇಲೆ ಬಿ-2ಗೆ ಅರ್ಜಿ. ಹೈದರಾಬಾದಿನ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆಯಂತೆ, ಗ್ರೀನ್ ಕಾರ್ಡ್ ಯಾಕೆ ಬಿಟ್ಟಿರಿ ಅಂತ. "ತೋಟ ಯಾರು ನೋಡ್ಕೋತಾರೆ?" ಅಂದಳಂತೆ ಅಮ್ಮ. ವೀಸಾ ಕೊಟ್ಟರು. ಏಪ್ರಿಲ್ ಎರಡನೇ ವಾರ ಬರುತ್ತಾಳೆ, ಸೆಪ್ಟೆಂಬರ್‌ಗೆ ವಾಪಸ್, ಎರಡೂ ಕಡೆಯ ಟಿಕೆಟ್ ಆಗಿದೆ. ವೀಲ್‌ಚೇರ್ ಹೇಳಿದ್ದೇನೆ. ಕರಿಬೇವು ತರಬೇಡ ಅಂತ ಎರಡು ಸಲ ಹೇಳಿದ್ದೇನೆ, ಒಣಗಿಸಿ ಪುಡಿ ಮಾಡಿ ತರುತ್ತೀನಿ ಅಂದಿದ್ದಾಳೆ.